ಹುಲ್ಲು ಇದ್ದಲ್ಲಿಗೇ ಕೊಟ್ಟಿಗೆ

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್‌ನಲ್ಲಿ ಸ್ವೇಲ್‌ಡೇಲ್ ಅಂತ ಒಂದು ಕಣಿವೆ ಇದೆ. ಅಲ್ಲಿ ಊರಿಂದ ದೂರ, ಹುಲ್ಲುಗಾವಲಿಗೊಂದರಂತೆ ಕಲ್ಲಿನ ಕಟ್ಟಡಗಳು ಒಂಟಿಯಾಗಿ ನಿಂತಿವೆ. ಮನೆಗಳಲ್ಲ, ದನದ ಕೊಟ್ಟಿಗೆಗಳು. ಬಹುತೇಕ 18, 19ನೇ ಶತಮಾನದವು. ಹಳೇ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಇಂಥ ಕಡೆ ಹೋದರೆ ನಾನು ಗೋಡೆಗಿಂತ ಮೊದಲು ನೆಲದ ಇಳಿಜಾರು ನೋಡುತ್ತೇನೆ.

ಯಾಕೆಂದರೆ ಇಳಿಜಾರಿನಲ್ಲೇ ಅರ್ಧ ಲೆಕ್ಕಾಚಾರ ಅಡಗಿದೆ. ಬೇಸಿಗೆಯಲ್ಲಿ ಸುತ್ತಲಿನ ಹುಲ್ಲು ಕೊಯ್ದು ಒಣಗಿಸಿ, ಎತ್ತರದ ಬದಿಯ ಕಿಂಡಿಯಿಂದ ಒಳಗೆ ತಳ್ಳುತ್ತಿದ್ದರು. ಕೆಳಗೆ ನಾಲ್ಕೈದು ದನ, ಚಳಿಗಾಲ ಪೂರ್ತಿ ಅಲ್ಲೇ ಕಟ್ಟು. ರೈತ ದಿನಾ ನಡೆದು ಬಂದು ಮೇವು ಹಾಕಿ, ಹಾಲು ಕರೆದು, ಸೆಗಣಿ ಎತ್ತಿ ಹೋಗುತ್ತಿದ್ದ. ಗೊಬ್ಬರ ಅದೇ ಹುಲ್ಲುಗಾವಲಿಗೆ. ಹುಲ್ಲನ್ನೂ ಗೊಬ್ಬರವನ್ನೂ ದೂರ ಹೊರುವ ಕೆಲಸವೇ ಇಲ್ಲ. ಬೆನ್ನ ಮೇಲೆ ಹಾಲಿನ ಪಾತ್ರೆ ಹೊತ್ತರೆ ಆಯಿತು.

ಗೋಡೆ ನೋಡಲು ದಪ್ಪ, ಆದರೆ ಒಂದೇ ಗೋಡೆಯಲ್ಲ. ಒಳಗೊಂದು, ಹೊರಗೊಂದು ಪದರ, ನಡುವೆ ಚೂರುಕಲ್ಲು. ಎರಡನ್ನೂ ಹಿಡಿದಿಡಲು ಅಡ್ಡಲಾಗಿ ಉದ್ದನೆಯ ಕಲ್ಲು ಇಡುತ್ತಾರೆ. ಅವು ಹೊರಗೆ ಸಾಲಾಗಿ ಮೂತಿ ಚಾಚಿರುತ್ತವೆ. ಅಲಂಕಾರ ಅಂದುಕೊಳ್ಳುವವರೇ ಜಾಸ್ತಿ. ಚಾವಣಿಗೆ ಕಲ್ಲಿನ ಹಲಗೆ: ಸೂರಿನ ಬಳಿ ದೊಡ್ಡವು, ಮೇಲೆ ಹೋದಂತೆ ಚಿಕ್ಕವು.

ಕಲ್ಲಿನ ಸಂದಿಯಲ್ಲಿರುವುದು ಸುಣ್ಣದ ಗಾರೆ. ಅದು ಮೆತ್ತಗೆ. ಗೋಡೆಗಿಳಿದ ಮಳೆನೀರು ಅದರ ಮೂಲಕವೇ ಆರಿ ಹೋಗುತ್ತದೆ. ಸಿಮೆಂಟ್ ಮೆತ್ತಿದರೆ ಆ ದಾರಿ ಬಂದ್. ಉಳಿದ ನೀರು ಚಳಿಗೆ ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲಿನ ಮುಖ ಚಕ್ಕೆಯೆದ್ದು ಉದುರುತ್ತದೆ. ಶುರುವಿನ ದಿನಗಳಲ್ಲಿ ನಾನೇ ಒಂದು ಗೋಡೆಗೆ 'ಗಟ್ಟಿಯಾಗಿರಲಿ' ಅಂತ ಸಿಮೆಂಟ್ ಬರೆದುಕೊಟ್ಟಿದ್ದೆ. ಕೆಲವು ವರ್ಷ ಬಿಟ್ಟು ಹೋಗಿ ನೋಡಿದರೆ ಸಿಮೆಂಟ್ ಗೆರೆ ಜೇನುಗೂಡಿನ ಹಾಗೆ ಎದ್ದು ನಿಂತಿತ್ತು. ನಡುವಿನ ಕಲ್ಲು ಒಳಗೆ ಸವೆದಿತ್ತು. ಕೈಯಾಡಿಸಿದರೆ ಮರಳು ಉದುರಿತು.

ಈಗ ದನಗಳು ಊರ ಹತ್ತಿರದ ದೊಡ್ಡ ಶೆಡ್ಡುಗಳಿಗೆ ಹೋಗಿವೆ. ಖಾಲಿ ಕೊಟ್ಟಿಗೆಯನ್ನು ಮನೆ ಮಾಡಿಕೊಡಿ ಅಂತ ಬರುವವರು ಮೊದಲು ಕೇಳುವುದು ದೊಡ್ಡ ಕಿಟಕಿ. ಸುಮ್ನೆ ಗೋಡೆ ಒಡೆಯಬೇಡಿ, ಹುಲ್ಲು ತಳ್ಳುತ್ತಿದ್ದ ಕಿಂಡಿಗೇ ಗಾಜು ಹಾಕೋಣ ಅನ್ನುತ್ತೇನೆ. ಬೆಳಕು ಸಾಲದು ಅಂತ ಗೊಣಗುತ್ತಾರೆ. ಕಟ್ಟಿದ್ದು ದನಕ್ಕೆ ಅಲ್ವಾ!