ಹಿಮದ ಗುಂಡಿ ‘ಬೇಡ’ ಎನ್ನಬಲ್ಲದು, ‘ಹೋಗು’ ಎನ್ನಲಾರದು

ಸ್ಕೀ ಚಾರಣಕ್ಕೆ ಹೊರಟವರು ಹಿಮಕುಸಿತದ ಅಪಾಯ ಅರಿಯಲು ಹಿಮದಲ್ಲಿ ಗುಂಡಿ ತೋಡಿ ಪದರ ನೋಡುತ್ತಾರೆ. ಕೆಟ್ಟದ್ದೇನೂ ಕಾಣಲಿಲ್ಲ ಎಂದ ಕೂಡಲೇ ಇಳಿಜಾರಿಗೆ ಇಳಿದುಬಿಡುತ್ತಾರೆ. ಎಡವುವುದು ಅಲ್ಲೇ. ಗುಂಡಿಯಿಂದ ಹತ್ತಿಪ್ಪತ್ತು ಮೀಟರ್ ಆಚೆ ಹಿಮದ ದಪ್ಪವೂ ಬೇರೆ, ಒಳಗಿನ ಪದರವೂ ಬೇರೆ ಇರಬಹುದು. ಪರೀಕ್ಷೆ ಕೆಟ್ಟ ಸುದ್ದಿ ಕೊಟ್ಟರೆ ನಂಬಿ. ಒಳ್ಳೆಯ ಸುದ್ದಿ ಕೊಟ್ಟರೆ, ಬೆಳಗ್ಗೆ ಓದಿದ ಹಿಮಕುಸಿತ ಮುನ್ಸೂಚನೆಯ ಅಪಾಯದ ಮಟ್ಟವನ್ನು ಅದರಿಂದ ಇಳಿಸಬೇಡಿ.

ಅನುಮಾನವಿಲ್ಲದೆ ಅಳೆಯಬಹುದಾದದ್ದು ಕೋನ ಒಂದೇ. ಸ್ಲ್ಯಾಬ್ ಕುಸಿತಗಳಲ್ಲಿ (ದುರ್ಬಲ ಪದರದ ಮೇಲಿನ ಹಿಮ ಇಡೀ ಹಾಸಾಗಿ ಜಾರುವುದು) ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅದರಲ್ಲೂ 38ರ ಆಸುಪಾಸಿನಲ್ಲಿ ಆಗುತ್ತವೆ. ಸ್ಕೀಗೆ ಹಿತವಾದ ಇಳಿಜಾರೂ ಅದೇ! ನಕ್ಷೆಯಲ್ಲಿ 28 ಎಂದು ಕಂಡ ಕಡೆ ನಡುವೆ 36ರ ಸಣ್ಣ ತುಂಡು ಅಡಗಿರಬಹುದು. ಕೋನ ಅಳೆಯುವ ಇನ್‌ಕ್ಲಿನೋಮೀಟರ್ ಹಿಡಿದು ಸ್ಥಳದಲ್ಲೇ ನೋಡಿ. ನೀವು ನಿಂತ ಜಾಗ ಸಪಾಟಾಗಿದ್ದರೂ ಸಾಲದು. ದುರ್ಬಲ ಪದರ ಒಂದೇ ಆಗಿ ಹಬ್ಬಿದ್ದರೆ, ಕೆಳಗೆ ನಡೆದವರ ಭಾರಕ್ಕೆ ಮೇಲಿನ ಇಳಿಜಾರು ಕಳಚಿಕೊಳ್ಳಬಹುದು.

ಗುಂಡಿಗಿಂತ ಮೊದಲೇ ಬೆಟ್ಟ ಹೇಳುವುದಿದೆ: ಹತ್ತಿರದಲ್ಲಿ ಹೊಸ ಕುಸಿತ, ಕಾಲಡಿಯಲ್ಲಿ ‘ಧುಂ’ ಎಂದು ಹಿಮ ಕುಗ್ಗುವ ಸದ್ದು, ಸ್ಕೀ ತುದಿಯಿಂದ ಓಡುವ ಬಿರುಕು. ಇವುಗಳಲ್ಲಿ ಒಂದು ಕಂಡರೂ ಅಂತಹ ಇಳಿಜಾರನ್ನು ಅವತ್ತಿಗೆ ಬಿಡಿ, ಪರೀಕ್ಷೆ ಬೇಕಿಲ್ಲ. ಒಂದು ದಿನದೊಳಗೆ 30 ಸೆಂ.ಮೀ. ಹೊಸ ಹಿಮ, ದಿಢೀರ್ ಬಿಸಿಲೇರಿಕೆ ಕೂಡ ಎಚ್ಚರಿಕೆಯೇ. ಹಿಮ ಬೀಳದ ದಿನವೂ ಗಾಳಿ ಅದನ್ನು ಹೊತ್ತು ತಂದು ಬೆಟ್ಟದ ಏಣಿನ, ಗಾಳಿ ತಾಗದ ಮರೆಬದಿಯಲ್ಲಿ ಪೇರಿಸುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ.

ಗುಂಡಿ ತೋಡುವುದಾದರೆ, ಹೋಗಬೇಕಾದ ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆಯೋ ಅದೇ ದಿಕ್ಕಿನ, ಅದೇ ಎತ್ತರದ, ಆದರೆ ಕುಸಿದರೂ ಹಾನಿಯಾಗದ ಸಣ್ಣ ಜಾಗ ಆರಿಸಿ. ಗೋಡೆಯನ್ನು ನೇರವಾಗಿ ಕತ್ತರಿಸಿ, ಬ್ರಷ್‌ನಿಂದ ಸವರಿ. ಮೆದು ಪದರ ಒಳಸರಿದು ಗೆರೆಯಾಗಿ ಕಾಣುತ್ತದೆ. ಹಿಮದ ಮೇಲ್ಮೈಯಲ್ಲಿ ಹೆಪ್ಪುಗಟ್ಟಿದ ಇಬ್ಬನಿಯಂಥ ಹರಳುಗಳು ಹೊಸ ಹಿಮದಡಿ ಹೂತುಹೋದಾಗ ಅವುಗಳ ಗೆರೆ ಕೆಲವೇ ಮಿ.ಮೀ. ಇರುವುದರಿಂದ ಕಣ್ತಪ್ಪುವುದು ಸುಲಭ. ತೆಳು ಹಿಮ, ತಣ್ಣನೆಯ ನಿರಭ್ರ ರಾತ್ರಿಗಳು ಸೇರಿದರೆ 10 ಸೆಂ.ಮೀ.ಗೆ 1 ಡಿಗ್ರಿಗಿಂತ ಹೆಚ್ಚು ತಾಪಮಾನ ವ್ಯತ್ಯಾಸ ಬಂದು, ಹರಳುಗಳು ಸಕ್ಕರೆಯಂತೆ ಬಿಡಿಬಿಡಿಯಾಗುತ್ತವೆ. ಇಂಥ ಪದರ ವಾರಗಟ್ಟಲೆ ಹಾಗೇ ಉಳಿಯಬಲ್ಲದು.

ಬಳಿಕ 90 ಸೆಂ.ಮೀ. ಅಗಲ, ಗೋಡೆಯಿಂದ ಹಿಂದಕ್ಕೆ 30 ಸೆಂ.ಮೀ. ಇರುವ ಹಿಮದ ಕಂಬವನ್ನು ಹಿಂಬದಿಯೂ ಬಿಡುವಂತೆ ಗಂಟು ಹಾಕಿದ ಹಗ್ಗದಿಂದ ಕೊಯ್ದು, ಒಂದು ತುದಿಯ ಮೇಲೆ ಸಲಿಕೆಯ ಅಲಗಿಟ್ಟು ತಟ್ಟಿ: ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10. ಬಿರುಕು ಹುಟ್ಟಿದ ಪೆಟ್ಟಿಗೇ ಅಥವಾ ಮರುಪೆಟ್ಟಿಗೆ ಇಡೀ ಅಗಲಕ್ಕೆ ಓಡಿದರೆ ಅದು ಕೆಟ್ಟ ಸುದ್ದಿ; ಎಷ್ಟನೇ ಪೆಟ್ಟು ಎಂಬುದಕ್ಕಿಂತ ಆ ಓಟವೇ ಮುಖ್ಯ. ಒಂದು ಮೀಟರ್‌ಗಿಂತ ಆಳದ ಪದರಕ್ಕೆ ಈ ತಟ್ಟು ಸರಿಯಾಗಿ ಮುಟ್ಟುವುದಿಲ್ಲ. ಅಲ್ಲಿ ಮೌನವನ್ನು ಉತ್ತರವೆಂದು ಓದಬೇಡಿ.

ಹೋಗಲೇಬೇಕಾದರೆ ಒಬ್ಬೊಬ್ಬರಾಗಿ ದಾಟಿ. ಉಳಿದವರು ಕುಸಿತದ ಹಾದಿಯಿಂದ ಆಚೆ ನಿಂತು ನೋಡುತ್ತಿರಲಿ. ಟ್ರಾನ್ಸೀವರ್ (ಹೂತುಹೋದವರನ್ನು ಪತ್ತೆಹಚ್ಚಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಎಲ್ಲರ ಬಳಿಯೂ ಇರಬೇಕು. ಮೊಬೈಲನ್ನು ಟ್ರಾನ್ಸೀವರ್‌ನಿಂದ 20 ಸೆಂ.ಮೀ. ದೂರವಿಡಿ, ಹುಡುಕುವಾಗ 50. ಇಲ್ಲದಿದ್ದರೆ ಅದು ಸಂಕೇತವನ್ನು ಕೆಡಿಸುತ್ತದೆ. ಹೂತುಹೋದವರು ಬದುಕುಳಿಯುವ ಸಾಧ್ಯತೆ ಮೊದಲ ಹತ್ತು–ಹದಿನೈದು ನಿಮಿಷ ದಾಟಿದ ಮೇಲೆ ಥಟ್ಟನೆ ಕುಸಿಯುತ್ತದೆ. ಹಾಗಾಗಿ ಹೊರಗಿನ ನೆರವು ಬರುವವರೆಗೆ ಕಾಯದೆ ಜೊತೆಗಿದ್ದವರೇ ಅಗೆಯಬೇಕು. ಪ್ರೋಬ್ ತಾಗಿದ ಜಾಗದ ನೇರ ಮೇಲೆ ನಿಲ್ಲದೆ, ಇಳಿಜಾರಿನ ಕೆಳಬದಿಯಿಂದ ಅಗೆಯುತ್ತಾ ಒಳಹೋಗಿ.