ಪದ ಪರಿಚಯ: ಫ್ರೀ ಏಜೆಂಟ್ ಮತ್ತು ಟ್ರೇಡ್

ಮೈಸೂರಿನಲ್ಲಿ ನಾನು ಸಂಜೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುವ ಅಂಗಳಕ್ಕೆ ಬರುವ ಹುಡುಗರಲ್ಲಿ ಹಲವರು ಬೆಳಿಗ್ಗೆ ಬೇಗ ಎದ್ದು ಅಮೆರಿಕದ ಎನ್‌ಬಿಎ ಪಂದ್ಯ ನೋಡುತ್ತಾರೆ. ಅಲ್ಲಿನ ರಾತ್ರಿಯ ಆಟ ನಮಗೆ ಕಾಫಿಯ ಹೊತ್ತಿಗೆ ಬರುತ್ತದೆ. ಅವರಲ್ಲೊಬ್ಬ ಮಂಡ್ಯದ ಕಡೆಯವನು. ಮೊನ್ನೆ ಕೇಳಿದ: “ಸರ್, ಫ್ರೀ ಏಜೆಂಟ್ ಎಂದರೆ ಸಂಬಳ ತೆಗೆದುಕೊಳ್ಳದೆ ಆಡುವವನೇ?”

ಅವನು ಹಾಗೆ ತಿಳಿದದ್ದರಲ್ಲಿ ತಪ್ಪಿಲ್ಲ. ನಮ್ಮಲ್ಲಿ ಫ್ರೀ ಎಂದರೆ ಪುಕ್ಕಟೆ, ಏಜೆಂಟ್ ಎಂದರೆ ವಿಮೆ ಮಾಡಿಸುವವನು. ಇಲ್ಲಿ ಎರಡೂ ಹೊಂದುವುದಿಲ್ಲ. ತಂಡದ ಜೊತೆಗಿನ ಕರಾರು ಮುಗಿದು, ಮುಂದೆ ಎಲ್ಲಿ ಆಡಬೇಕೆಂದು ತಾನೇ ತೀರ್ಮಾನಿಸುವ ಸ್ಥಿತಿಗೆ ಬಂದ ಆಟಗಾರನೇ ಫ್ರೀ ಏಜೆಂಟ್. ಐಪಿಎಲ್ ಹರಾಜಿನಲ್ಲಿ ಹೆಚ್ಚು ಕೂಗಿದ ತಂಡಕ್ಕೆ ಆಟಗಾರ ಹೋಗಬೇಕು. ಇಲ್ಲಿ ತಂಡಗಳು ಕರೆಯುತ್ತವೆ, ಆರಿಸುವವನು ಆಟಗಾರ.

ಹುಡುಗನ ಮನೆಯಲ್ಲಿ ಕಬ್ಬು ಬೆಳೆಯುತ್ತಾರೆ. ಆದ್ದರಿಂದ ಅವನಿಗೆ ಕಬ್ಬಿನಲ್ಲೇ ಹೇಳಿದೆ. ಕಾರ್ಖಾನೆಗೆ ಒಪ್ಪಿಗೆ ಮಾಡಿಕೊಂಡ ಕಬ್ಬನ್ನು ಆ ಕಾರ್ಖಾನೆಗೇ ಸಾಗಿಸಬೇಕು. ಒಪ್ಪಿಗೆ ಇಲ್ಲದಿದ್ದರೆ ರೈತ ನಾಲ್ಕು ಕಡೆ ದರ ವಿಚಾರಿಸಬಹುದು, ಆಲೆಮನೆಗೂ ಕೊಡಬಹುದು. ಹಿಂದೆ ಎನ್‌ಬಿಎ ಆಟಗಾರನ ಪಾಡು ಹೇಗಿತ್ತೆಂದರೆ, ಒಪ್ಪಿಗೆಯ ಅವಧಿ ಮುಗಿದರೂ ಕಬ್ಬು ಅದೇ ಕಾರ್ಖಾನೆಯದು! ಆಟಗಾರರ ಸಂಘದ ಮುಂದಾಳಾಗಿದ್ದ ಆಸ್ಕರ್ ರಾಬರ್ಟ್‌ಸನ್ 1970ರಲ್ಲಿ ಇದರ ವಿರುದ್ಧ ನ್ಯಾಯಾಲಯಕ್ಕೆ ಹೋದರು. 1976ರಲ್ಲಿ ರಾಜಿಯಾಗಿ ಆ ಕಟ್ಟು ಸಡಿಲವಾಯಿತು. ಪೂರ್ತಿ ಬಿಡುಗಡೆ ಬಂದದ್ದು 1988ರಲ್ಲಿ. ಈ ಪದವನ್ನು ನಾನು ಗೌರವದಿಂದ ಬಳಸುವುದು ಆ ಹೋರಾಟದ ಕಾರಣಕ್ಕಾಗಿ.

ಫ್ರೀ ಏಜೆಂಟರಲ್ಲಿ ಎರಡು ಬಗೆ. ಒಬ್ಬನಿಗೆ ಯಾವ ತಡೆಯೂ ಇಲ್ಲ. ಇನ್ನೊಬ್ಬನಿಗೆ ಬೇರೆ ತಂಡ ಎಷ್ಟು ಕೊಡುತ್ತೇನೆಂದರೂ ಹಳೆಯ ತಂಡ ಅಷ್ಟನ್ನೇ ಕೊಟ್ಟು ಅವನನ್ನು ಉಳಿಸಿಕೊಳ್ಳಬಹುದು.

ಹಾಗಾದರೆ ಹಣವಂತ ತಂಡ ಒಳ್ಳೆಯವರನ್ನೆಲ್ಲ ಕರೆದುಕೊಂಡುಬಿಡಬಹುದಲ್ಲ? ಆಗದು, ಏಕೆಂದರೆ ತಂಡದ ಒಟ್ಟು ಸಂಬಳಕ್ಕೆ ಮಿತಿಯಿದೆ. 1984–85ರಲ್ಲಿ ಅದು 36 ಲಕ್ಷ ಡಾಲರ್ ಇತ್ತು. 2025–26ಕ್ಕೆ ಸುಮಾರು 15.46 ಕೋಟಿ ಡಾಲರ್ ಆಗಿದೆ. ಆದರೆ ಈ ಬೇಲಿಗೆ ಒಂದು ಗೇಟು ಉಂಟು. ಮೂರು ವರ್ಷ ತನ್ನಲ್ಲೇ ಆಡಿದ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಮಿತಿಯನ್ನು ದಾಟಬಹುದು. ಬಾಸ್ಟನ್ ತಂಡದ ಲ್ಯಾರಿ ಬರ್ಡ್ ಹೆಸರಿನಿಂದ ಈ ನಿಯಮವನ್ನು ಗುರುತಿಸುತ್ತಾರೆ.

ಅಭಿಮಾನಿಗಳ ಲೆಕ್ಕ ತಪ್ಪುವುದು ಇಲ್ಲಿಯೇ. ಮಿತಿ 100 ಎಂದಿಟ್ಟುಕೊಳ್ಳಿ, ತಂಡದ ಸಂಬಳ 130. ಅದರಲ್ಲಿ 20 ಪಡೆಯುವವನೊಬ್ಬ ಫ್ರೀ ಏಜೆಂಟ್ ಆಗಿ ಹೊರಟ. “ಹೋಗಲಿ ಬಿಡಿ, ಆ 20ರಲ್ಲಿ ಬೇರೊಬ್ಬನನ್ನು ತಂದರಾಯಿತು” ಎಂದು ಹುಡುಗರು ಹೇಳುತ್ತಾರೆ. ಆದರೆ ಅವನು ಹೋದ ಮೇಲೂ ಸಂಬಳ 110ರಲ್ಲಿದೆ, ಮಿತಿಗಿಂತ ಮೇಲೆಯೇ! ಹೊರಗಿನವನಿಗೆ ಆ 20 ಕೊಡಲು ಅವಕಾಶವಿಲ್ಲ. ಚಿಕ್ಕಪುಟ್ಟ ವಿನಾಯಿತಿಗಳಲ್ಲಿ ಸಿಗುವ ಆಟಗಾರನಲ್ಲೇ ತಂಡ ತೃಪ್ತಿಪಡಬೇಕು. ಆದ್ದರಿಂದಲೇ ಸಾಧಾರಣ ಆಟಗಾರನಿಗೂ ತಂಡ ಕೆಲವೊಮ್ಮೆ ದುಬಾರಿ ಸಂಬಳ ಕೊಟ್ಟು ಉಳಿಸಿಕೊಳ್ಳುತ್ತದೆ. ಅದನ್ನು ದಡ್ಡತನ ಎಂದು ನಗುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಹೊಸ ಟಿವಿ ಒಪ್ಪಂದದ ಹಣ ಬಂದು 2016ರಲ್ಲಿ ಈ ಮಿತಿ 7 ಕೋಟಿಯಿಂದ 9.41 ಕೋಟಿ ಡಾಲರ್‌ಗೆ ಒಮ್ಮೆಲೇ ಏರಿತು. ಅದೇ ವರ್ಷ, ಹಿಂದಿನ ಋತುವಿನ 82 ಪಂದ್ಯಗಳಲ್ಲಿ 73 ಗೆದ್ದಿದ್ದ ಗೋಲ್ಡನ್ ಸ್ಟೇಟ್ ತಂಡಕ್ಕೆ ಕೆವಿನ್ ಡ್ಯೂರಾಂಟ್ ಫ್ರೀ ಏಜೆಂಟ್ ಆಗಿ ಬಂದರು. ಅವರಿಗೆ ಜಾಗ ಮಾಡಲು ತಂಡವು ಹ್ಯಾರಿಸನ್ ಬಾರ್ನ್ಸ್ ಮತ್ತು ಆಂಡ್ರ್ಯೂ ಬೋಗಟ್ ಅವರನ್ನು ಬಿಟ್ಟುಕೊಡಬೇಕಾಯಿತು. ಡ್ಯೂರಾಂಟ್ ಬಿಟ್ಟುಬಂದ ಒಕ್ಲಹೋಮ ಸಿಟಿ ತಂಡದ ಕೈಗೆ ಬದಲಿಗೆ ಏನೂ ಸಿಗಲಿಲ್ಲ.

ಬದಲಿಗೆ ಏನಾದರೂ ಸಿಗುವುದು ಟ್ರೇಡ್‌ನಲ್ಲಿ. ಕರಾರು ಇನ್ನೂ ಉಳಿದಿರುವ ಆಟಗಾರನನ್ನು ಕೊಟ್ಟು ಇನ್ನೊಂದು ತಂಡದವನನ್ನು ಪಡೆಯುವುದು ಟ್ರೇಡ್. ಇದಕ್ಕೆ ಕನ್ನಡದ ‘ಸಾಟಿ’ ಎಂಬ ಪದ ನನಗೆ ತುಂಬ ಇಷ್ಟ, ಏಕೆಂದರೆ ಸಾಟಿ ಎಂದರೆ ವಿನಿಮಯವೂ ಹೌದು, ಸರಿಸಮವೂ ಹೌದು. ಎನ್‌ಬಿಎಯಲ್ಲಿ ಮಿತಿ ದಾಟಿದ ತಂಡ ಕೊಡುವ ಸಂಬಳಕ್ಕೂ ಪಡೆಯುವ ಸಂಬಳಕ್ಕೂ ಹೆಚ್ಚು ಅಂತರವಿರಬಾರದು. ದಸರಾ ಕುಸ್ತಿಗೆ ಮೊದಲು ಪೈಲ್ವಾನರ ಜೋಡಿ ಕಟ್ಟುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಜೋಡಿ ಕೂಡದಿದ್ದರೆ ಕುಸ್ತಿಯಿಲ್ಲ. ಹೀಗಾಗಿ ದೊಡ್ಡ ಸಂಬಳದ ಸಾಧಾರಣ ಆಟಗಾರನಿಗೂ ಬೆಲೆಯುಂಟು: ತಕ್ಕಡಿಯ ಈ ಕಡೆ ಇಡಲು ತೂಕ ಬೇಕಲ್ಲ.

ಆಟಗಾರರಷ್ಟೇ ಅಲ್ಲದೆ ಡ್ರಾಫ್ಟ್ ಸರದಿಯನ್ನೂ ಕೊಡಬಹುದು. ಪ್ರತಿ ವರ್ಷ ಹೊಸಬರನ್ನು ಆರಿಸಿಕೊಳ್ಳಲು ತಂಡಗಳಿಗೆ ಸರದಿ ಬರುತ್ತದೆ. ಸೋತ ತಂಡಗಳಿಗೆ ಮುಂಚಿನ ಸರದಿ ಸಿಗುವ ಸಾಧ್ಯತೆ ಹೆಚ್ಚು. 2013ರಲ್ಲಿ ಬ್ರೂಕ್ಲಿನ್ ತಂಡವು ಬಾಸ್ಟನ್‌ನಿಂದ 37 ವರ್ಷದ ಕೆವಿನ್ ಗಾರ್ನೆಟ್ ಮತ್ತು 35 ವರ್ಷದ ಪಾಲ್ ಪಿಯರ್ಸ್ ಅವರನ್ನು ಪಡೆಯಿತು. ಅದಕ್ಕಾಗಿ ಕೆಲವು ಆಟಗಾರರ ಜೊತೆಗೆ 2014, 2016, 2018ರ ಮೊದಲ ಸುತ್ತಿನ ಸರದಿಗಳನ್ನು ಕೊಟ್ಟಿತು. 2017ರಲ್ಲಿ ಬೇಕಾದರೆ ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಬಾಸ್ಟನ್‌ಗೆ ಬರೆದುಕೊಟ್ಟಿತು. ಒಂದು ವರ್ಷ ಬಿಟ್ಟು ಒಂದು ವರ್ಷ ಏಕೆ? ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಸರದಿಯನ್ನು ಸಾಲಾಗಿ ಕಳೆದುಕೊಳ್ಳಬಾರದೆಂಬ ನಿಯಮವಿದೆ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯನ್ ಸರದಿಗಳನ್ನು ಬೇಕಾಬಿಟ್ಟಿ ಕೊಟ್ಟದ್ದೇ ಆ ನಿಯಮಕ್ಕೆ ಕಾರಣ. ನಾಳೆಯ ಬಿತ್ತನೆ ಬೀಜವನ್ನು ಇಂದೇ ಬೇಯಿಸಿ ತಿನ್ನದಂತೆ ತಡೆಯುವುದು ಅದರ ಉದ್ದೇಶ. ಬ್ರೂಕ್ಲಿನ್ ನಿಯಮವನ್ನು ಮುರಿಯಲಿಲ್ಲ, ಆದರೂ ಬೀಜವೆಲ್ಲ ಖಾಲಿಯಾಯಿತು. 2016–17ರಲ್ಲಿ ಆ ತಂಡ 82 ಪಂದ್ಯಗಳಲ್ಲಿ ಗೆದ್ದದ್ದು 20 ಮಾತ್ರ. ಸೋಲಿನ ಫಲವಾಗಿ ಬಂದ ಮೊದಲ ಸರದಿಯೂ ಬಾಸ್ಟನ್ ಪಾಲಾಯಿತು. ಈ ಸರದಿಗಳಿಂದಲೇ ಜೇಲನ್ ಬ್ರೌನ್ ಮತ್ತು ಜೇಸನ್ ಟೇಟಮ್ ಬಾಸ್ಟನ್‌ಗೆ ಬಂದರು. ಅವರಿಬ್ಬರನ್ನು ಮುಂದಿಟ್ಟುಕೊಂಡು 2024ರಲ್ಲಿ ಆ ತಂಡ ಚಾಂಪಿಯನ್ ಆಯಿತು.

ಟ್ರೇಡ್ ಸುದ್ದಿ ಓದಿದಾಗಲೆಲ್ಲ ನಾನು ಮೊದಲು ನೋಡುವುದು ಬರುವವನ ವಯಸ್ಸು, ಕರಾರಿನಲ್ಲಿ ಉಳಿದ ವರ್ಷ, ಕೊಟ್ಟ ಸರದಿ. ಅಂಕ ಎಷ್ಟು ಗಳಿಸುತ್ತಾನೆ ಎಂಬುದನ್ನು ಆಮೇಲೆ ನೋಡುತ್ತೇನೆ.

ಎಲ್ಲ ಕೇಳಿದ ಹುಡುಗ ಮತ್ತೆ ಕಬ್ಬಿನ ಆ ಒಪ್ಪಿಗೆಯ ಮಾತಿಗೇ ಬಂದ. “ಟ್ರೇಡ್ ಮಾಡುವಾಗ ಆಟಗಾರನ ಒಪ್ಪಿಗೆ ಕೇಳುತ್ತಾರೆಯೇ, ಸರ್?” ಸಾಮಾನ್ಯವಾಗಿ ಇಲ್ಲ. ಒಪ್ಪಿಗೆ ಕೇಳಲೇಬೇಕೆಂದು ಕರಾರಿನಲ್ಲಿ ಬರೆಸಿಕೊಂಡವರು ಬೆರಳೆಣಿಕೆಯಷ್ಟು ಮಂದಿ. ಗಾರ್ನೆಟ್ ಅವರಲ್ಲೊಬ್ಬರು, ಅವರು ಒಪ್ಪಿದ ಮೇಲೆಯೇ ಬ್ರೂಕ್ಲಿನ್ ಟ್ರೇಡ್ ನಡೆಯಿತು. ಪಿಯರ್ಸ್ ಅವರ ಕರಾರು ಮರುವರ್ಷ ಮುಗಿಯಿತು. ಫ್ರೀ ಏಜೆಂಟ್ ಆಗಿ ಅವರು ವಾಷಿಂಗ್ಟನ್ ತಂಡವನ್ನು ತಾವೇ ಆರಿಸಿಕೊಂಡು ಹೊರಟರು.