ನೆನೆಸಿಕೊಂಡಾಗ ನೆನಪಿಗೆ ಏನಾಗುತ್ತದೆ?

ಮೆದುಳಿನ ಭಾಗಗಳ ಹೆಸರು ಆಮೇಲೆ ಬರಲಿ, ಮೊದಲು ಒಂದು ಪ್ರಯೋಗ ನೋಡೋಣ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ್ದು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಪಾಠ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯೂ ಅದನ್ನೇ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. 5 ನಿಮಿಷ ಬಿಟ್ಟು ಪರೀಕ್ಷಿಸಿದರೆ ಓದಿದವರೇ ಮುಂದೆ: ಶೇ 83, ಬರೆದವರು ಶೇ 71. ವಾರ ಬಿಟ್ಟು ಪರೀಕ್ಷಿಸಿದಾಗ ಓದಿದವರು ಶೇ 40ಕ್ಕೆ ಇಳಿದಿದ್ದರು, ಬರೆದವರು ಶೇ 61ರಲ್ಲಿ ನಿಂತಿದ್ದರು. ನಡುವೆ ಸರಿ ಉತ್ತರವನ್ನೂ ಯಾರೂ ತೋರಿಸಿರಲಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ಸಂಗತಿ: 'ವಾರದ ನಂತರವೂ ಚೆನ್ನಾಗಿ ನೆನಪಿರುತ್ತದೆ' ಎಂಬ ಭರವಸೆ ಹೆಚ್ಚಿದ್ದದ್ದು ಬರೀ ಓದಿದವರಿಗೇ! ಓದುವುದು ಸಲೀಸಾದಾಗ ವಿಷಯ ಬಂದೇಬಿಟ್ಟಿತು ಅನ್ನಿಸುತ್ತದೆ, ಅಲ್ವಾ?

ಈಗ ಮೆದುಳಿನ ಒಳಗೆ. ಹೊಸ ಅನುಭವ ಗಟ್ಟಿಯಾಗಲು ಹಿಪ್ಪೊಕ್ಯಾಂಪಸ್ ಎಂಬ ಭಾಗ ಬೇಕು. ನೆನಪಿನ ವಿವರಗಳು ಹೊರಪದರದ ಬೇರೆ ಬೇರೆ ಕಡೆಯ ನರಕೋಶಗಳಲ್ಲಿ ಹರಡಿಕೊಂಡಿರುತ್ತವೆ. ನೆನೆಸಿಕೊಳ್ಳುವುದೆಂದರೆ ಆ ಜಾಲದ ಒಂದಷ್ಟು ಕೋಶಗಳು ಮತ್ತೆ ಒಟ್ಟಿಗೆ ಚುರುಕಾಗುವುದು. ಒಟ್ಟಿಗೆ ಚುರುಕಾದ ಕೋಶಗಳ ನಡುವಿನ ಕೊಂಡಿ ಬಲವಾಗುತ್ತದೆ.

ಆದರೆ ಹೊರಬಂದ ನೆನಪು ಸ್ವಲ್ಪ ಹೊತ್ತು ಸಡಿಲವಾಗಿಯೂ ಇರಬಹುದು. 2000ದಲ್ಲಿ ನರವಿಜ್ಞಾನಿ ಕರೀಂ ನಾದರ್ ಅವರ ತಂಡ ಇದನ್ನು ಇಲಿಗಳಲ್ಲಿ ತೋರಿಸಿತು. ಒಂದು ಶಬ್ದ ಕೇಳಿದರೆ ಹೆದರುವಂತೆ ಇಲಿಗಳನ್ನು ಪಳಗಿಸಿ, ಆ ಶಬ್ದವನ್ನು ಮತ್ತೆ ಕೇಳಿಸಿದರು. ಕೂಡಲೇ, ಪ್ರೋಟೀನ್ ತಯಾರಿಯನ್ನು ತಡೆಯುವ ಔಷಧಿಯನ್ನು ಮೆದುಳಿನ ಅಮಿಗ್ಡಲಾ ಭಾಗಕ್ಕೆ ಕೊಟ್ಟರು. ಮಾರನೇ ದಿನ ಆ ಭಯ ಬಹಳ ಕಡಿಮೆಯಾಗಿತ್ತು. ಶಬ್ದ ಕೇಳಿಸದೆ ಸುಮ್ನೆ ಔಷಧಿ ಕೊಟ್ಟರೆ ಭಯ ಹಾಗೇ ಇತ್ತು. ಅಂದರೆ ನೆನಪಿಗೆ ಬಂದದ್ದನ್ನು ಮೆದುಳು ಹೊಸದಾಗಿ ಕೂಡಿಸಿಡಬೇಕು. ಇಲಿಯ ಭಯವೂ ನಮ್ಮ ಇತಿಹಾಸದ ಪಾಠವೂ ಒಂದೇ ಅಲ್ಲ, ಅಷ್ಟು ಎಚ್ಚರ ಇರಲಿ.

ಮನುಷ್ಯರಲ್ಲೂ ಪದೇ ಪದೇ ಹೇಳಿಕೊಂಡ ನೆನಪು ಬದಲಾಗುವುದುಂಟು. 1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನವೇ ವಿದ್ಯಾರ್ಥಿಗಳಿಂದ ಸುದ್ದಿ ಕೇಳಿದ ಬಗೆಯನ್ನು ಬರೆಸಿಕೊಳ್ಳಲಾಗಿತ್ತು. ಎರಡೂವರೆ ವರ್ಷದ ಮೇಲೆ ಕೇಳಿದಾಗ ಅನೇಕರು ಬೇರೆಯೇ ಕಥೆ ಹೇಳಿದರು, ಅದೂ ಪೂರ್ತಿ ಧೈರ್ಯದಿಂದ.

ಹಾಗಾಗಿ ಪುಸ್ತಕ ಮುಚ್ಚಿ ಬರೆದ ಮೇಲೆ ತೆರೆದು ತಾಳೆ ನೋಡಿ. ಇಲ್ಲದಿದ್ದರೆ ತಪ್ಪು ಇಸವಿಯೂ ಅಷ್ಟೇ ಗಟ್ಟಿಯಾಗಿ ಕೂತುಬಿಡಬಹುದು. ಮುಂದಿನ ಸಲ ಬರೆಯುವುದು ಅರ್ಧ ಗಂಟೆಗಲ್ಲ, ಒಂದೆರಡು ದಿನ ಬಿಟ್ಟು, ಸ್ವಲ್ಪ ಮರೆತ ಮೇಲೆ.